ಮಕ್ಕಳ ಕೈಗೆ ಕಥೆಯ ಹಂದರ

ಪುಣೆಯ ಸೇನಾಪತಿ ಬಾಪಟ್ ರಸ್ತೆಯಲ್ಲಿರುವ, ‘ಬಾಲಭಾರತಿ’ ಎಂಬ ಹೆಸರಿನಿಂದಲೇ ಜನಪರಿಚಿತವಾದ ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳವು 1967ರಲ್ಲಿ ಸ್ಥಾಪನೆಯಾದ ಸಂಸ್ಥೆ. ಮರಾಠಿಯ ಜೊತೆಗೆ ಉರ್ದು, ಗುಜರಾತಿ, ತೆಲುಗು ಮೊದಲಾದ ಭಾಷೆಗಳಲ್ಲಿ ಪುಸ್ತಕಗಳನ್ನು ಸಿದ್ಧಪಡಿಸುವ ಈ ಸಂಸ್ಥೆಯಿಂದಲೇ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ, ಸಾಂಗಲಿ ಜಿಲ್ಲೆಯ ಜತ್ತ ಮುಂತಾದ ಗಡಿ ತಾಲ್ಲೂಕುಗಳ ಕನ್ನಡ ಮಾಧ್ಯಮದ ಶಾಲೆಗಳಿಗೆ ಕನ್ನಡ ಪಠ್ಯಪುಸ್ತಕಗಳೂ ಬರುತ್ತವೆ. ಆ ಮಕ್ಕಳು ಹತ್ತನೆಯ ತರಗತಿಯ ಕೊನೆಯಲ್ಲಿ ಬರೆಯುವ ಪರೀಕ್ಷೆಯನ್ನು ನಡೆಸುವ ರಾಜ್ಯ ಶಿಕ್ಷಣ ಮಂಡಳದ ಕೇಂದ್ರ ಕಚೇರಿಯೂ ಪುಣೆಯಲ್ಲಿಯೇ ಇದೆ. ಹೀಗಾಗಿ ಗಡಿಭಾಗದ ಕನ್ನಡ ಮಗುವೊಂದು ಶಾಲೆಯಲ್ಲಿ ಕಥೆಯನ್ನು ಹೇಗೆ ಓದಬೇಕು, ಹೇಗೆ ಬರೆಯಬೇಕು ಎಂಬುದರ ಬಹುಪಾಲು ಪುಣೆಯಲ್ಲಿ ನಿರ್ಧಾರವಾಗುತ್ತದೆ.

ಮಹಾರಾಷ್ಟ್ರದ ಭಾಷಾ ಪಾಠಗಳಲ್ಲಿ ಕಥಾಲೇಖನಕ್ಕೆ ಬಹುಕಾಲದಿಂದ ಒಂದು ಸ್ಥಾನವಿದೆ. ಕಥೆಯ ಮುಖ್ಯಾಂಶಗಳನ್ನು ನಡುನಡುವೆ ಅಡ್ಡಗೆರೆ ಎಳೆದು ಕೊಡುವುದು, ಅವುಗಳ ಆಧಾರದಿಂದ ಕಥೆಯನ್ನು ಬೆಳೆಸಿ ಬರೆಯಲು ಹೇಳುವುದು, ಕೊನೆಗೆ ತಕ್ಕ ಶೀರ್ಷಿಕೆಯನ್ನೂ ಕಥೆಯ ತಾತ್ಪರ್ಯವನ್ನೂ ಕೇಳುವುದು ಅಲ್ಲಿನ ಬಹು ಪರಿಚಿತ ಪ್ರಶ್ನೆಯ ಬಗೆ. ಕರ್ನಾಟಕದ ಎಸ್ಸೆಸ್ಸೆಲ್ಸಿಯ ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿಯೂ ಸುಳುಹುಗಳನ್ನು ಕೊಟ್ಟು ಕಥೆ ಬರೆಸುವ ಇದೇ ಜಾತಿಯ ಪ್ರಶ್ನೆ ಬರುತ್ತದೆಯಾದ್ದರಿಂದ ಕನ್ನಡದ ಓದುಗರಿಗೆ ಇದು ಹೊಸದಲ್ಲ. ಈ ಪ್ರಶ್ನೆಗೆ ತನ್ನದೇ ಆದ ಉಪಯೋಗವಿದೆ. ಏನನ್ನೂ ಬರೆಯಲು ತೋಚದ ಮಗುವಿಗೂ ಅದು ಹಿಡಿದುಕೊಳ್ಳಲು ಒಂದು ಎಳೆಯನ್ನು ಕೊಡುತ್ತದೆ. ಆದರೆ ಕಥೆಯ ನಿಜವಾದ ಕೆಲಸ, ಅಂದರೆ ಯಾರ ಕಥೆ ಹೇಳಬೇಕು, ಅವರಿಗೆ ಏನು ಬೇಕಾಗಿತ್ತು, ಏನು ಅಡ್ಡ ಬಂತು, ಎಲ್ಲಿಗೆ ನಿಲ್ಲಿಸಬೇಕು ಎಂಬ ತೀರ್ಮಾನಗಳೆಲ್ಲ ಪ್ರಶ್ನೆಪತ್ರಿಕೆಯನ್ನು ಸಿದ್ಧಪಡಿಸಿದವರಿಂದಲೇ ಮುಗಿದುಹೋಗಿರುತ್ತವೆ. ಮಗುವಿಗೆ ಉಳಿಯುವುದು ಅಡ್ಡಗೆರೆಗಳ ಜಾಗದಲ್ಲಿ ಕ್ರಿಯಾಪದಗಳನ್ನು ತುಂಬುವ ಕೆಲಸ ಮಾತ್ರ. ಪರರು ಹಾಕಿಕೊಟ್ಟ ಯೋಜನೆಯನ್ನು ವಾಕ್ಯಗಳಾಗಿ ಬಿಡಿಸುವುದು ಒಂದು ಕೌಶಲ, ತನ್ನ ಯೋಜನೆಯನ್ನು ತಾನೇ ಹಾಕಿಕೊಳ್ಳುವುದು ಬೇರೆಯೇ ಕೌಶಲ, ಮತ್ತು ಶಾಲೆಗಳಲ್ಲಿ ಎರಡನೆಯದನ್ನು ಕಲಿಸುವ ಅವಧಿ ತೀರ ಕಡಿಮೆ.

ಕಥೆಯ ಯೋಜನೆಯನ್ನು ಕಲಿಸಬಹುದೇ ಎಂಬ ಸಂದೇಹವನ್ನು ಮೊದಲು ಪರಿಶೀಲಿಸಬೇಕು, ಏಕೆಂದರೆ ಕಥೆಯೆಂಬುದು ಪ್ರತಿಭೆಯಿಂದ ಹುಟ್ಟುತ್ತದೆಯೇ ಹೊರತು ಪಾಠದಿಂದಲ್ಲ ಎಂಬ ನಂಬಿಕೆ ಶಿಕ್ಷಕರಲ್ಲಿಯೂ ಆಳವಾಗಿದೆ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ಈ ವಿಷಯವನ್ನು ಬೇರೊಂದು ದಿಕ್ಕಿನಿಂದ ನೋಡಿದರು. ಜೀನ್ ಮ್ಯಾಂಡ್ಲರ್ ಮತ್ತು ನ್ಯಾನ್ಸಿ ಜಾನ್ಸನ್ 1977ರಲ್ಲಿ, ನ್ಯಾನ್ಸಿ ಸ್ಟೈನ್ ಮತ್ತು ಕ್ರಿಸ್ಟೀನ್ ಗ್ಲೆನ್ 1979ರಲ್ಲಿ ಪ್ರಕಟಿಸಿದ ಬರಹಗಳಲ್ಲಿ ‘ಕಥಾವ್ಯಾಕರಣ’ ಎಂಬ ಪರಿಕಲ್ಪನೆಯನ್ನು ಬೆಳೆಸಿದರು. ವಾಕ್ಯಕ್ಕೆ ಕರ್ತೃ, ಕರ್ಮ, ಕ್ರಿಯೆಗಳಿರುವಂತೆ ಕಥೆಗೂ ಹಿನ್ನೆಲೆ, ಆರಂಭದ ಘಟನೆ, ಅದಕ್ಕೆ ಪಾತ್ರದ ಮನಸ್ಸಿನ ಪ್ರತಿಕ್ರಿಯೆ, ಪ್ರಯತ್ನ, ಪರಿಣಾಮ ಎಂಬ ಅಂಗಗಳಿವೆ ಎಂಬುದು ಅದರ ಸಾರ. ಈ ಅಂಗಗಳು ಕ್ರಮವಾಗಿ ಜೋಡಿಸಿಕೊಂಡಿರುವ ಕಥೆಯನ್ನು ಮಕ್ಕಳು ಹೆಚ್ಚು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಾರೆ, ಕ್ರಮವನ್ನು ಕೆಡಿಸಿ ಹೇಳಿದ ಕಥೆಯನ್ನು ಮರಳಿ ಹೇಳುವಾಗ ತಮಗೆ ಅರಿವಿಲ್ಲದೆಯೇ ಸರಿಪಡಿಸುತ್ತಾರೆ ಎಂದು ಆ ಕಾಲದ ಪ್ರಯೋಗಗಳು ತೋರಿಸಿದವು. ಶಾಲೆಗೆ ಬರುವ ಮೊದಲೇ, ಕಥೆ ಕೇಳಿ ಬೆಳೆದ ಮಗುವಿನಲ್ಲಿ ಕಥೆಯ ಹಂದರವೊಂದು ಇದ್ದೇ ಇರುತ್ತದೆ ಎಂದಾಯಿತು. ಶಿಕ್ಷಕರು ಅದನ್ನು ಹೊಸದಾಗಿ ತುಂಬಬೇಕಾಗಿಲ್ಲ. ಮಗುವಿಗೆ ಕಾಣುವಂತೆ ಮಾಡಿದರೆ ಸಾಕು.

ಪುಣೆಯಂಥ ನಗರದಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ. ಕಲಬುರಗಿ, ವಿಜಯಪುರ, ಯಾದಗಿರಿ ಕಡೆಗಳಿಂದ ಕಟ್ಟಡದ ಕೆಲಸಕ್ಕೆ ಬಂದ ಕುಟುಂಬಗಳ ಮಕ್ಕಳು ಮನೆಯಲ್ಲಿ ಕನ್ನಡವನ್ನೋ ಲಂಬಾಣಿಯನ್ನೋ, ಬೀದಿಯಲ್ಲಿ ಮರಾಠಿಯನ್ನೋ ಹಿಂದಿಯನ್ನೋ ಆಡುತ್ತ, ಶಾಲೆಯಲ್ಲಿ ಇನ್ನೊಂದು ಭಾಷೆಯಲ್ಲಿ ಬರೆಯುತ್ತಾರೆ. ಅಂಥ ತರಗತಿಯಲ್ಲಿಯೂ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೆ ಗೊತ್ತಿರುವ ಕಥೆಯೊಂದಿದೆ. ಕನ್ನಡದ ಮಗುವಿಗೆ ಅದು ಕಾಗಕ್ಕ ಗುಬ್ಬಕ್ಕನ ಕಥೆ, ಮರಾಠಿಯ ಮಗುವಿಗೆ ಕಾವು ಚಿವು ಕಥೆ. ಕಾಗೆಯ ಮನೆ ಎರಡು ಭಾಷೆಗಳಲ್ಲಿಯೂ ಸಗಣಿಯದೇ. ಗುಬ್ಬಿಯ ಮನೆ ಮಾತ್ರ ಕನ್ನಡದಲ್ಲಿ ಕಲ್ಲಿನದಾದರೆ ಮರಾಠಿಯಲ್ಲಿ ಮೇಣದ್ದು. ಮಳೆ ಬಂದು ಕಾಗೆಯ ಮನೆ ಕರಗುತ್ತದೆ, ಕಾಗೆ ಗುಬ್ಬಿಯ ಬಾಗಿಲು ತಟ್ಟುತ್ತದೆ, ಗುಬ್ಬಿ ಮಗುವಿಗೆ ಸ್ನಾನ ಮಾಡಿಸುತ್ತಿದ್ದೇನೆ, ಬಟ್ಟೆ ತೊಡಿಸುತ್ತಿದ್ದೇನೆ ಎಂದು ಒಂದೊಂದೇ ನೆಪ ಹೇಳಿ ತಡಮಾಡುತ್ತದೆ, ಕೊನೆಗೆ ಬಾಗಿಲು ತೆರೆಯುತ್ತದೆ. ಮುಂದೆ ಏನಾಗುತ್ತದೆ ಎಂಬುದು ಮನೆಯಿಂದ ಮನೆಗೆ ಬೇರೆ.

ಇಷ್ಟು ಚಿಕ್ಕ ಕಥೆಯಲ್ಲಿ ಯೋಜನೆಯ ಪಾಠಕ್ಕೆ ಬೇಕಾದದ್ದೆಲ್ಲ ಇದೆ. ಮನೆಗಳು ಯಾವುದರಿಂದ ಆದವು ಎಂಬುದನ್ನು ಮೊದಲ ವಾಕ್ಯದಲ್ಲಿಯೇ ಹೇಳದಿದ್ದರೆ ಮಳೆಗೆ ಅರ್ಥವೇ ಇರುತ್ತಿರಲಿಲ್ಲ ಎಂಬುದನ್ನು ಎರಡನೆಯ ತರಗತಿಯ ಮಗುವೂ ಗುರುತಿಸಬಲ್ಲದು. ಬಾಗಿಲು ತಟ್ಟುವ ಘಟನೆ ಮರುಕಳಿಸಿದಾಗಲೆಲ್ಲ ಕೇಳುವ ಮಗುವಿನ ತವಕ ಏರುತ್ತದೆ. ಒಂದೇ ತಟ್ಟಿಗೆ ಬಾಗಿಲು ತೆರೆದಿದ್ದರೆ ಕಥೆ ಅಲ್ಲಿಗೇ ಮುಗಿದುಹೋಗುತ್ತಿತ್ತು. ಗುಬ್ಬಿಯ ಮನೆಯನ್ನು ಕಲ್ಲಿನಿಂದ ಮೇಣಕ್ಕೆ ಬದಲಾಯಿಸಿದರೂ ಕಥೆ ನಿಲ್ಲುತ್ತದೆ, ಆದರೆ ಮಳೆಯನ್ನು ಬಿಸಿಲಿಗೆ ಬದಲಾಯಿಸಿದರೆ ಮೇಣದ ಮನೆಯೇ ಮೊದಲು ಕರಗಿ, ಬಾಗಿಲು ತಟ್ಟುವ ಸರದಿ ಗುಬ್ಬಿಯದಾಗುತ್ತದೆ. ಮಕ್ಕಳಿಂದ ಇಂಥ ಬದಲಾವಣೆ ಮಾಡಿಸಿ, ಬದಲಾದ ಕಥೆಯನ್ನು ಬಾಯಿಮಾತಿನಲ್ಲಿ ಹೇಳಿಸುವುದು ಕಥಾಯೋಜನೆಯ ಮೊದಲ ಪಾಠವಾಗಬಹುದು. ಇದಕ್ಕೆ ಕಾಗದವೂ ಬೇಡ, ಒಂದೇ ಭಾಷೆ ಎಲ್ಲರಿಗೂ ಬರಲೇಬೇಕೆಂಬ ಕಟ್ಟಳೆಯೂ ಬೇಡ.

ಬರವಣಿಗೆಗೆ ಹೋದಾಗ ಅತ್ಯಂತ ಸರಳವಾದ ಸಾಧನವೆಂದರೆ ಎರಡು ಸಲ ಮಡಿಚಿ ಬಿಡಿಸಿದ ಒಂದು ಹಾಳೆ. ಮಡಿಕೆಗಳಿಂದ ಮೂಡುವ ನಾಲ್ಕು ಮನೆಗಳಲ್ಲಿ ಮೊದಲನೆಯದಕ್ಕೆ ಯಾರು, ಎಲ್ಲಿ, ಅವರಿಗೆ ಏನು ಬೇಕು. ಎರಡನೆಯದಕ್ಕೆ ಏನು ಅಡ್ಡ ಬಂತು. ಮೂರನೆಯದಕ್ಕೆ ಅವರು ಏನೇನು ಮಾಡಿದರು. ನಾಲ್ಕನೆಯದಕ್ಕೆ ಕೊನೆಗೆ ಏನು ಬದಲಾಯಿತು. ಪ್ರತಿ ಮನೆಯಲ್ಲಿ ಒಂದೆರಡು ವಾಕ್ಯ, ಇಲ್ಲವೇ ಒಂದು ಚಿತ್ರ. ಒಂದು ಮನೆಯಿಂದ ಮುಂದಿನದಕ್ಕೆ ಹೋಗುವಾಗ ‘ಆಮೇಲೆ’ ಎಂಬ ಪದವನ್ನು ಬಿಟ್ಟು ‘ಆದರೆ’, ‘ಆದ್ದರಿಂದ’ ಎಂಬ ಪದಗಳಲ್ಲಿ ಒಂದನ್ನು ಬಳಸಲೇಬೇಕು ಎಂಬ ನಿಯಮವೊಂದನ್ನು ಸೇರಿಸಿದರೆ ಮಕ್ಕಳ ಕಥೆಗಳ ಬಹುದೊಡ್ಡ ತೊಡಕು ತಾನಾಗಿ ಬಿಡಿಸಿಕೊಳ್ಳುತ್ತದೆ. ಎದ್ದೆವು, ಆಮೇಲೆ ತಿಂದೆವು, ಆಮೇಲೆ ಹೋದೆವು, ಆಮೇಲೆ ಬಂದೆವು ಎಂಬ ಬರಹ ದಿನಚರಿಯಾಗುತ್ತದೆಯೇ ವಿನಾ ಕಥೆಯಾಗುವುದಿಲ್ಲ. ಘಟನೆಗಳು ಒಂದರ ಹಿಂದೆ ಒಂದು ಬಂದರೆ ಸಾಲದು, ಒಂದರಿಂದ ಒಂದು ಬರಬೇಕು.

ಒಂದು ಹಾಳೆ ಹೇಗೆ ತುಂಬುತ್ತದೆ ಎಂಬುದನ್ನು ಹತ್ತಿರದಿಂದ ನೋಡುವುದಕ್ಕೆ ಊಹೆಯ ಉದಾಹರಣೆಯೊಂದನ್ನು ತೆಗೆದುಕೊಳ್ಳಬಹುದು. ಆರನೆಯ ತರಗತಿಯ ಮಗುವೊಂದು ಅಕ್ಕಲಕೋಟೆಯ ಅಜ್ಜಿಯೊಬ್ಬಳನ್ನು ಕಥೆಗೆ ಆರಿಸಿಕೊಳ್ಳುತ್ತದೆ. ಮೊದಲ ಮನೆಯಲ್ಲಿ: ಕನ್ನಡ ಬಿಟ್ಟು ಬೇರೆ ಮಾತು ಬಾರದ ಅಜ್ಜಿ ಒಬ್ಬಳೇ ಪುಣೆಗೆ ಬಂದು ಸ್ವಾರಗೇಟ್ ಬಸ್ ನಿಲ್ದಾಣದಲ್ಲಿ ಇಳಿದಿದ್ದಾಳೆ, ಮಗ ಕೆಲಸ ಮಾಡುವ ಜಾಗಕ್ಕೆ ಕತ್ತಲಾಗುವುದರೊಳಗೆ ಹೋಗಿ ಸೇರಬೇಕು. ಎರಡನೆಯ ಮನೆಯಲ್ಲಿ: ಆದರೆ ವಿಳಾಸ ಬರೆದ ಚೀಟಿ ಮಳೆಯಲ್ಲಿ ನೆನೆದು ಅಕ್ಷರಗಳು ಕಲಸಿಹೋಗಿವೆ. ಮೂರನೆಯ ಮನೆಯಲ್ಲಿ: ಕಂಡಕ್ಟರನನ್ನು ಕೇಳಿದಳು, ಅವನಿಗೆ ತಿಳಿಯಲಿಲ್ಲ, ಅಂಗಡಿಯವನನ್ನು ಕೇಳಿದಳು, ಅವನಿಗೂ ತಿಳಿಯಲಿಲ್ಲ. ನಾಲ್ಕನೆಯ ಮನೆಯಲ್ಲಿ: ಅಷ್ಟರಲ್ಲಿ ಮಗನೇ ಆ ದಾರಿಯಲ್ಲಿ ಬಂದ, ಇಬ್ಬರೂ ಮನೆಗೆ ಹೋದರು.

ಮೊದಲ ಮೂರು ಮನೆಗಳು ಗಟ್ಟಿಯಾಗಿವೆ, ನಾಲ್ಕನೆಯದು ಬಿದ್ದುಹೋಗಿದೆ. ಆಕಸ್ಮಿಕವೊಂದು ಕಥೆಯ ಪಾತ್ರವನ್ನು ಕಷ್ಟಕ್ಕೆ ನೂಕಿದರೆ ಓದುಗರು ಒಪ್ಪುತ್ತಾರೆ, ಆದರೆ ಅದೇ ಆಕಸ್ಮಿಕ ಬಂದು ಕಷ್ಟವನ್ನು ಪರಿಹರಿಸಿದರೆ ಒಪ್ಪುವುದಿಲ್ಲ. ಇಲ್ಲಿ ಒಳ್ಳೆಯ ಶಿಕ್ಷಕಿ ಕೊನೆಯನ್ನು ತಾನು ತಿದ್ದಿಕೊಡುವುದಿಲ್ಲ. ‘ಅಜ್ಜಿಗೆ ಏನು ಬರುತ್ತದೆ?’ ಎಂದು ಮಾತ್ರ ಕೇಳುತ್ತಾಳೆ. ಅಜ್ಜಿಗೆ ರೊಟ್ಟಿ ಬಡಿಯಲು ಬರುತ್ತದೆ, ಬೀಸುವ ಕಲ್ಲಿನ ಪದ ಹಾಡಲು ಬರುತ್ತದೆ ಎಂದು ಮಗು ಹೇಳುತ್ತದೆ. ಆಗ ಮೂರನೆಯ ಮನೆಗೆ ಇನ್ನೊಂದು ಪ್ರಯತ್ನ ಸೇರುತ್ತದೆ: ಕೇಳಿ ಕೇಳಿ ಸೋತ ಅಜ್ಜಿ ನಿಲ್ದಾಣದ ಕಟ್ಟೆಯ ಮೇಲೆ ಕುಳಿತು ಗಟ್ಟಿಯಾದ ದನಿಯಲ್ಲಿ ಬೀಸುವ ಪದವನ್ನು ಹಾಡತೊಡಗುತ್ತಾಳೆ, ಆದ್ದರಿಂದ ಬುಟ್ಟಿ ಹೊತ್ತು ಸಾಗುತ್ತಿದ್ದ ಕಟ್ಟಡ ಕೆಲಸದ ಹೆಂಗಸೊಬ್ಬಳು ನಿಂತು, ‘ಯಾವೂರಾಕಿ ಬೇ ಯವ್ವಾ?’ ಎಂದು ಕೇಳುತ್ತಾಳೆ. ಈಗ ಅಜ್ಜಿ ದಾರಿಯನ್ನು ಕಂಡುಕೊಂಡದ್ದು ತನ್ನಲ್ಲಿದ್ದ ವಿದ್ಯೆಯಿಂದ. ಉಳಿದಿರುವ ಕೆಲಸ ಒಂದೇ: ಹಾಡು ಕೊನೆಯಲ್ಲಿ ದಿಢೀರನೆ ಬಂದಂತೆ ಕಾಣಬಾರದು. ಮಗು ಮತ್ತೆ ಮೊದಲ ಮನೆಗೆ ಹೋಗಿ, ಬಸ್ಸಿನಲ್ಲಿ ಅಜ್ಜಿ ತನ್ನಷ್ಟಕ್ಕೆ ಪದ ಗುನುಗುತ್ತಿದ್ದಳು, ಪಕ್ಕದಲ್ಲಿ ಕುಳಿತವರು ಮುಖ ತಿರುಗಿಸಿಕೊಂಡರು ಎಂದು ಒಂದು ವಾಕ್ಯವನ್ನು ಸೇರಿಸುತ್ತದೆ.

ಆ ಒಂದು ವಾಕ್ಯಕ್ಕೆ ಭರತನ ನಾಟ್ಯಶಾಸ್ತ್ರದಲ್ಲಿ ಹೆಸರಿದೆ. ನಾಟಕದ ಕಥಾವಸ್ತುವನ್ನು ವಿವೇಚಿಸುವಾಗ ಆ ಗ್ರಂಥವು ಮೊದಲಿಗೆ ಚಿಕ್ಕದಾಗಿ ಬಿತ್ತಲ್ಪಟ್ಟು ಮುಂದೆ ಹಲವು ಬಗೆಯಲ್ಲಿ ಹರಡಿ ಫಲದಲ್ಲಿ ಮುಗಿಯುವ ಅಂಶವನ್ನು ‘ಬೀಜ’ ಎಂದೂ, ನಡುವೆ ಕಥೆಯ ಎಳೆ ಕಡಿದಂತಾದಾಗ ಅದನ್ನು ಮತ್ತೆ ಜೋಡಿಸುವ ಅಂಶವನ್ನು ‘ಬಿಂದು’ ಎಂದೂ ಕರೆಯುತ್ತದೆ. ನಾಯಕನ ಕಾರ್ಯವು ಆರಂಭ, ಪ್ರಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮ ಎಂಬ ಐದು ಅವಸ್ಥೆಗಳಲ್ಲಿ ಸಾಗುತ್ತದೆ. ಇವುಗಳಲ್ಲಿ ಪ್ರಾಪ್ತ್ಯಾಶೆಯೆಂದರೆ ಬೇಕಾದದ್ದು ಸಿಗಬಹುದೇನೋ ಎಂಬ ಆಸೆ ಮೂಡುವ ಹಂತ, ನಿಯತಾಪ್ತಿಯೆಂದರೆ ಅಡ್ಡಿಗಳು ನೀಗಿ ಸಿಗುವುದು ಖಚಿತವಾಗುವ ಹಂತ. ಜರ್ಮನಿಯ ಗುಸ್ಟಾವ್ ಫ್ರೈಟಾಗ್ 1863ರಲ್ಲಿ ನಾಟಕದ ಏರಿಳಿತಗಳನ್ನು ಗೋಪುರದ ಆಕಾರದಲ್ಲಿ ತೋರಿಸಿದ್ದನ್ನೂ, ರಷ್ಯಾದ ವ್ಲಾದಿಮಿರ್ ಪ್ರಾಪ್ 1928ರಲ್ಲಿ ಅದ್ಭುತ ಕಥೆಗಳನ್ನು 31 ಕ್ರಿಯೆಗಳಿಗೆ ಇಳಿಸಿದ್ದನ್ನೂ ಬಲ್ಲ ಶಿಕ್ಷಕರು ಭರತನ ಈ ಐದು ಅವಸ್ಥೆಗಳನ್ನೂ ಬಲ್ಲವರಾಗಿರಬೇಕು ಎಂದು ಬಯಸುವುದು ಅತಿಯಾಸೆಯಲ್ಲ. ಮಕ್ಕಳಿಗೆ ಈ ಪಾರಿಭಾಷಿಕ ಪದಗಳನ್ನು ಉರುಹೊಡೆಸುವ ಅಗತ್ಯವಂತೂ ಇಲ್ಲ. ಪ್ರಾಪ್ತ್ಯಾಶೆಯ ಹೆಸರು ತಿಳಿಯದೆಯೂ ಮಗು ಅಂಗಡಿಯವನು ತಲೆಯಾಡಿಸಿದಾಗ ಅಜ್ಜಿಯ ಮುಖದಲ್ಲಿ ಮೂಡಿದ ಆಸೆಯನ್ನು ಬರೆಯಬಲ್ಲದು.

ಸರಳ ಹಂದರಗಳು ಇನ್ನೂ ಇವೆ. ಇಲಿ, ಬೆಕ್ಕು, ನಾಯಿ, ಕೋಲು, ಬೆಂಕಿ ಎಂದು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬೆಳೆಯುವ ಸರಪಳಿ ಕಥೆ ಚಿಕ್ಕ ತರಗತಿಗಳಿಗೆ ಬಹಳ ಒಗ್ಗುತ್ತದೆ. ಮನೆ ಬಿಟ್ಟು ಹೋಗಿ ಬೇರೆಯವನಾಗಿ ಮರಳಿ ಬರುವ ಪಯಣದ ಕಥೆ ಇನ್ನೊಂದು. ಕಥೆಯೊಳಗೊಂದು ಕಥೆಯನ್ನು ಇಡುವ ಬಗೆ ಪಂಚತಂತ್ರದ್ದು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, 11ನೆಯ ಶತಮಾನದಲ್ಲಿ, ದುರ್ಗಸಿಂಹನು ವಸುಭಾಗಭಟ್ಟನ ಪಾಠವನ್ನು ಅನುಸರಿಸಿ ಕನ್ನಡಕ್ಕೆ ತಂದ ಪಂಚತಂತ್ರದಲ್ಲಿಯೂ ಪಾತ್ರಗಳು ಒಂದನ್ನೊಂದು ಒಪ್ಪಿಸಲು ಕಥೆಗಳನ್ನೇ ವಾದವಾಗಿ ಬಳಸುತ್ತವೆ. ಪ್ರೌಢಶಾಲೆಯ ಮಕ್ಕಳಿಗೆ ಇದು ತಕ್ಕ ಸವಾಲು: ಇಬ್ಬರು ಜಗಳವಾಡಬೇಕು, ಒಬ್ಬಳು ತನ್ನ ಮಾತನ್ನು ಸಾಧಿಸಲು ಕಥೆ ಹೇಳಬೇಕು, ಆ ಕಥೆ ಜಗಳದ ಫಲಿತಾಂಶವನ್ನು ಬದಲಿಸಬೇಕು.

ಹಂದರ ಹಾಕಿಕೊಟ್ಟರೆ ಮಕ್ಕಳ ಕಥೆಗಳೆಲ್ಲ ಒಂದೇ ಅಚ್ಚಿನವಾಗುತ್ತವೆ ಎಂಬ ಆಕ್ಷೇಪ ಬಲವಾದದ್ದು, ಮತ್ತು ಅದಕ್ಕೆ ಉತ್ತರ ಹುಡುಕುವವರು ಪುಣೆಯೊಂದಿಗೆ ನಂಟಿದ್ದ ಕನ್ನಡಿಗರೊಬ್ಬರ ಕಡೆಗೆ ಹೋಗಬೇಕು. ಎ. ಕೆ. ರಾಮಾನುಜನ್ ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದಾಗ ಕನ್ನಡದ ಮೌಖಿಕ ಕಥೆಗಳನ್ನು ಸಂಗ್ರಹಿಸತೊಡಗಿದರು, 1958ರ ಹೊತ್ತಿಗೆ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನವನ್ನು ಅಭ್ಯಾಸ ಮಾಡಿದರು, ಮರುವರ್ಷ ಅಮೆರಿಕಕ್ಕೆ ಹೋದರು. ಅವರ ಮರಣದ ನಂತರ 1997ರಲ್ಲಿ ಪ್ರಕಟವಾದ ಕಥಾಸಂಗ್ರಹಕ್ಕೆ ಹೆಸರು ಕೊಟ್ಟಿರುವುದು ಹೂವಿನ ಮರವಾಗಬಲ್ಲ ಹುಡುಗಿಯೊಬ್ಬಳ ಕನ್ನಡ ಜನಪದ ಕಥೆ. ಎರಡು ಕೊಡ ನೀರಿನಿಂದ ಆಕೆ ಮರವಾಗಿ ಮರಳಿ ಹೆಣ್ಣಾಗುತ್ತಾಳೆ. ಕೊಂಬೆ ಮುರಿಯದಂತೆ, ಎಲೆ ಹರಿಯದಂತೆ ಹೂ ಕೊಯ್ಯಬೇಕು. ಈ ಕ್ರಿಯೆ ಕಥೆಯಲ್ಲಿ ಮತ್ತೆ ಮತ್ತೆ ಬರುತ್ತದೆ, ಆದರೆ ಪ್ರತಿ ಸಲ ಅದನ್ನು ಕೇಳುವವರು ಬೇರೆ: ಮೊದಲು ಬಡತನದಲ್ಲಿ ತಾಯಿಗೆ ನೆರವಾಗಲೆಂದು ಅಕ್ಕನ ಎದುರು ಆಕೆ ತಾನೇ ಇಷ್ಟಪಟ್ಟು ಮರವಾಗುತ್ತಾಳೆ, ಮದುವೆಯಾದ ಮೇಲೆ ರಾಜಕುಮಾರನ ಒತ್ತಾಯಕ್ಕೆ, ಅನಂತರ ನಾದಿನಿಯ ಹಟಕ್ಕೆ. ನಾದಿನಿಯ ಗೆಳತಿಯರು ಕೊಂಬೆಗಳನ್ನು ಮುರಿದು, ನೀರನ್ನು ಸರಿಯಾಗಿ ಹೊಯ್ಯದೆ ಹೋದಾಗ ಆಕೆ ಕೈಕಾಲಿಲ್ಲದ ಅರೆದೇಹವಾಗಿ ಉಳಿಯುತ್ತಾಳೆ. ಕಡೆಗೆ ಗಂಡ ಅವಳನ್ನು ಕಂಡು ಮುರಿದದ್ದನ್ನೆಲ್ಲ ಜೋಡಿಸಿ ನೀರು ಹೊಯ್ಯಬೇಕಾಗುತ್ತದೆ.

ಪುನರಾವರ್ತನೆಯ ಹಂದರ ಇದಕ್ಕಿಂತ ಸರಳವಾಗಿರಲಾರದು. ಕಾಗಕ್ಕ ಬಾಗಿಲು ತಟ್ಟಿದ ಹಂದರವೇ ಇದು. ಆದರೂ ಎರಡು ಕಥೆಗಳ ನಡುವಿನ ಅಂತರ ಅಪಾರ. ರಾಮಾನುಜನ್ ಹೆಣ್ಣುಮಕ್ಕಳ ಕಥೆಗಳ ಬಗ್ಗೆ ಬರೆಯುತ್ತ ಇನ್ನೊಂದು ಸಂಗತಿಯನ್ನು ಗುರುತಿಸಿದರು: ಗಂಡು ನಾಯಕನಾಗಿರುವ ಕಥೆಗಳಲ್ಲಿ ಮದುವೆ ಸಾಮಾನ್ಯವಾಗಿ ಕಥೆಯ ಕೊನೆ, ಹೆಣ್ಣು ಕೇಂದ್ರವಾಗಿರುವ ಕಥೆಗಳಲ್ಲಿ ಮದುವೆ ಬೇಗನೆ ಆಗಿಹೋಗಿ ಕಷ್ಟ ಅಲ್ಲಿಂದ ಶುರುವಾಗುತ್ತದೆ. ನಾಲ್ಕು ಮನೆಗಳ ಹಾಳೆಗೆ ಇದನ್ನು ತಂದುಕೊಂಡರೆ ಯೋಜನೆಯ ಪಾಠಕ್ಕೆ ಹೊಸ ಆಳ ಬರುತ್ತದೆ. ಒಂದೇ ಘಟನೆಯನ್ನು ನಾಲ್ಕನೆಯ ಮನೆಯಲ್ಲಿ ಇಡುವುದೋ ಎರಡನೆಯ ಮನೆಯಲ್ಲಿ ಇಡುವುದೋ ಎಂಬ ಆಯ್ಕೆಯೇ ಅದು ಯಾರ ಕಥೆ ಎಂಬುದನ್ನು ನಿರ್ಧರಿಸುತ್ತದೆ. ಓಟದ ಪಂದ್ಯದಲ್ಲಿ ಗೆಲ್ಲುವ ಹುಡುಗಿಯ ಕಥೆಯನ್ನು ಬಹುತೇಕ ಮಕ್ಕಳು ಗೆಲುವಿನಲ್ಲಿ ಮುಗಿಸುತ್ತಾರೆ. ಗೆಲುವನ್ನು ಎರಡನೆಯ ಮನೆಗೆ ತನ್ನಿ ಎಂದು ಸೂಚಿಸಿದಾಗ, ಗೆದ್ದ ಹುಡುಗಿ ಮುಂದಿನ ಪಂದ್ಯಕ್ಕೆ ಊರು ಬಿಟ್ಟು ಹೋಗಬೇಕು, ಮನೆಯವರು ಒಪ್ಪುವುದಿಲ್ಲ ಎಂಬ ಬೇರೆಯದೇ ಕಥೆ ತೆರೆದುಕೊಳ್ಳುತ್ತದೆ. ಅಚ್ಚು ಒಂದೇ ಆದರೂ ಒಳಗಿನ ತೀರ್ಮಾನಗಳು ಮಗುವಿನವೇ ಆಗಿದ್ದರೆ ಕಥೆಗಳು ಒಂದರಂತೆ ಒಂದು ಆಗುವುದಿಲ್ಲ. ಅವರೆ ಬಳ್ಳಿಗೆ ಹಾಕಿದ ಹಂದರ ಬಳ್ಳಿಯ ಹೂವನ್ನು ನಿರ್ಧರಿಸುವುದಿಲ್ಲ.

ಪುಣೆಯಲ್ಲಿಯೇ ಯೋಜನೆಯನ್ನು ವೃತ್ತಿಯಾಗಿ ಕಲಿಸುವ ಇನ್ನೊಂದು ಸ್ಥಳವಿದೆ. ಹಳೆಯ ಪ್ರಭಾತ್ ಸ್ಟುಡಿಯೋದ ಆವರಣದಲ್ಲಿ 1960ರಲ್ಲಿ ಆರಂಭವಾದ ಚಲನಚಿತ್ರ ತರಬೇತಿ ಸಂಸ್ಥೆಯ ನಿರ್ದೇಶಕರಾಗಿ ಗಿರೀಶ ಕಾರ್ನಾಡರು 1974–75ರಲ್ಲಿ ಕೆಲಸ ಮಾಡಿದರು. ಗಿರೀಶ ಕಾಸರವಳ್ಳಿಯವರು ಅದೇ ಕಾಲದಲ್ಲಿ ಅಲ್ಲಿ ಕಲಿತು ಹೊರಬಂದರು. ಸಿನಿಮಾದವರು ಚಿತ್ರಕಥೆಯನ್ನು ನೇರವಾಗಿ ಬರೆಯತೊಡಗುವುದಿಲ್ಲ. ಮೊದಲು ‘ಒನ್ ಲೈನ್’ ಎಂದು ಕರೆಯಲಾಗುವ, ದೃಶ್ಯಕ್ಕೊಂದು ಸಾಲಿನ ಪಟ್ಟಿಯನ್ನು ಮಾಡಿ, ಯಾವ ದೃಶ್ಯವನ್ನು ತೆಗೆದರೂ ಕಥೆ ನಿಲ್ಲುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಕಾರ್ನಾಡರು 1980ರ ದಶಕದ ಕೊನೆಯಲ್ಲಿ ಬರೆದ ನಾಗಮಂಡಲ ನಾಟಕಕ್ಕೆ ರಾಮಾನುಜನ್ ಅವರಿಂದ ಕೇಳಿದ ಎರಡು ಮೌಖಿಕ ಕಥೆಗಳು ಆಧಾರವಾದವು. ಒಂದು ನಾಟಕದ ಒಡಲಾಯಿತು, ಇನ್ನೊಂದು ಅದಕ್ಕೆ ಚೌಕಟ್ಟಾಯಿತು. ಅಜ್ಜಿಯರು ಅಡುಗೆಮನೆಯಲ್ಲಿ ಹೇಳಿದ ಕಥೆಯ ಕಟ್ಟಡ ಎಷ್ಟು ಭಾರವನ್ನು ಹೊರಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ಶಾಲೆಯಲ್ಲಿ ಈ ಪಾಠಕ್ಕೆ ಅತಿ ದೊಡ್ಡ ಅಡ್ಡಿ ತಾತ್ಪರ್ಯದ ಪ್ರಶ್ನೆ. ಕಥೆಯ ಕೊನೆಯಲ್ಲಿ ನೀತಿಯನ್ನು ಬರೆಯಲೇಬೇಕು ಎಂದು ಮೊದಲೇ ತಿಳಿದಿರುವ ಮಗು ನೀತಿಯಿಂದ ಹಿಮ್ಮುಖವಾಗಿ ಕಥೆಯನ್ನು ಹೆಣೆಯುತ್ತದೆ. ಸೋಮಾರಿ ಸೋಲುತ್ತಾನೆ, ಸುಳ್ಳುಗಾರ ಸಿಕ್ಕಿಬೀಳುತ್ತಾನೆ, ಪಾತ್ರಗಳಿಗೆ ತಮ್ಮದೇ ಆದ ಬೇಕುಗಳಿರುವುದಿಲ್ಲ. ತಾತ್ಪರ್ಯವನ್ನು ಕಥೆ ಬರೆದು ಮುಗಿಸಿದ ಮೇಲೆ, ಅದೂ ಬರೆದವರಿಂದಲ್ಲದೆ ಓದಿದ ಸಹಪಾಠಿಯಿಂದ ಹೇಳಿಸಿದರೆ ಈ ತೊಡಕು ಸಡಿಲವಾಗುತ್ತದೆ. ಇಬ್ಬರು ಓದುಗರು ಎರಡು ತಾತ್ಪರ್ಯಗಳನ್ನು ಹೇಳಿದರೆ ಕಥೆ ಸೊಗಸಾಗಿದೆ ಎಂದೇ ತಿಳಿಯಬೇಕು.

ಪರೀಕ್ಷೆಯ ಮುಖ್ಯಾಂಶಗಳ ಪ್ರಶ್ನೆಯನ್ನು ತಳ್ಳಿಹಾಕದೆಯೇ ಅದನ್ನು ಈ ಕೆಲಸಕ್ಕೆ ಬಳಸಿಕೊಳ್ಳುವ ದಾರಿಯೂ ಉಂಟು. ಮೊದಲು ಪಠ್ಯಪುಸ್ತಕದ ಕಥೆಯೊಂದನ್ನು ಓದಿ ಮಕ್ಕಳೇ ಅದರ ಮುಖ್ಯಾಂಶಗಳನ್ನು ತೆಗೆಯಬೇಕು; ಅನಂತರ ಅವುಗಳಲ್ಲಿ ಒಂದನ್ನು ಅಳಿಸಿ, ಬಿಟ್ಟ ಸ್ಥಳಕ್ಕೆ ತಮ್ಮದೊಂದನ್ನು ಹಾಕಿ, ಮುಂದಿನ ಅಂಶಗಳೆಲ್ಲ ಹೇಗೆ ಬದಲಾಗಬೇಕು ಎಂದು ನೋಡಬೇಕು; ಆಮೇಲೆ ಪಕ್ಕದವರಿಗಾಗಿ ಹೊಸ ಮುಖ್ಯಾಂಶಗಳನ್ನು ತಾವೇ ಬರೆದುಕೊಡಬೇಕು. ವಾರಕ್ಕೆ ಒಂದು ಅವಧಿಯಂತೆ ಒಂದು ತಿಂಗಳಿನಲ್ಲಿ ಮುಗಿಯುವ ಈ ಕೆಲಸಕ್ಕೆ ಬೇರೆ ಪುಸ್ತಕವಾಗಲಿ ಹಣವಾಗಲಿ ಬೇಕಾಗುವುದಿಲ್ಲ. ಯೋಜನೆಯ ಹಾಳೆಗೆ ಅಂಕ ಕೊಡಬೇಕು, ಆದರೆ ಬರೆದ ಕಥೆ ಯೋಜನೆಯಂತೆಯೇ ಇದೆಯೇ ಎಂದು ಅಳೆದು ಅಂಕವನ್ನು ಕಡಿಮೆ ಮಾಡಬಾರದು, ಏಕೆಂದರೆ ಬರೆಯುತ್ತ ಬರೆಯುತ್ತ ಮಗುವಿಗೆ ಮೊದಲಿಗಿಂತ ಉತ್ತಮವಾದ ತಿರುವು ಹೊಳೆಯುವುದುಂಟು. ಹಾಳೆಯನ್ನು ಕಥೆಯ ಜೊತೆಯಲ್ಲಿಯೇ ಟಾಚಣಿ ಚುಚ್ಚಿ ಇಟ್ಟು, ಎಲ್ಲಿ ದಾರಿ ಬದಲಾಯಿತೋ ಆ ಜಾಗದಲ್ಲಿ ಒಂದು ಗುರುತು ಹಾಕಿ, ಬದಲಾಯಿಸಿದ್ದಕ್ಕೆ ಕಾರಣವನ್ನು ಒಂದೇ ಸಾಲಿನಲ್ಲಿ ಬರೆಯಲು ಹೇಳಿದರೆ, ಆ ಸಾಲಿನಲ್ಲಿ ಮಗುವಿನ ಕಲಿಕೆ ಶಿಕ್ಷಕರಿಗೆ ಕಾಣಿಸುತ್ತದೆ.